ಕಾಮೆಟ್ ಪರ್ವತದ ಸಾಸಿವೆ ಬಳಗ

ನನ್ನ ಬಳಿ ಜೀವಶಾಸ್ತ್ರ ಕಲಿತವರಿಗೆ ಸಾಸಿವೆ ಹೂವಿನ ಪಾಠ ನೆನಪಿರಬಹುದು. ಶಿಲುಬೆಯಂತೆ ಎದುರುಬದುರಾದ ನಾಲ್ಕು ದಳಗಳು. ಆರು ಕೇಸರಗಳು, ಅವುಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಕಾಯಿ ಒಣಗಿ ಎರಡು ಹೋಳುಗಳು ಕಳಚಿ ಬಿದ್ದರೂ ನಡುವಿನ ತೆಳುಪೊರೆ ತೊಟ್ಟಿನಲ್ಲಿಯೇ ಉಳಿಯುತ್ತದೆ. ಮೂಲಂಗಿ, ಎಲೆಕೋಸು, ಹೂಕೋಸುಗಳೂ ಇದೇ ಕುಟುಂಬದವು ಎಂದು ಹೇಳಿ ಪಾಠ ಮುಗಿಸುತ್ತಿದ್ದೆ. ಇದೇ ಕುಟುಂಬದ ಗಿಡವೊಂದು ಹಿಮಾಲಯದಲ್ಲಿ 6,400 ಮೀಟರ್ ಎತ್ತರದಲ್ಲಿ ದೊರೆತಿದೆಯೆಂಬುದನ್ನು ಮಾತ್ರ ನಿಮಗೆ ಹೇಳಿರಲಿಲ್ಲ. ಹೇಳುವುದೆಂತು? ನನಗೇ ತಿಳಿದಿರಲಿಲ್ಲ. ನಿವೃತ್ತಿಯ ಬಳಿಕ ಓದಿ ತಿಳಿದುದನ್ನು ಆ ಬಾಕಿ ತೀರಿಸುವ ಸಲುವಾಗಿ ಬರೆಯುತ್ತಿದ್ದೇನೆ.

ಈ ಗಿಡದ ಚರಿತ್ರೆ ವಿಕ್ತರ್ ಜಾಕ್ಮೊ ಎಂಬ ಫ್ರೆಂಚ್ ತರುಣನಿಂದ ಆರಂಭವಾಗುತ್ತದೆ. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದ ಪರವಾಗಿ 1829ರಲ್ಲಿ ಕಲ್ಕತ್ತೆಗೆ ಬಂದಿಳಿದ ಆತ ಹಿಮಾಲಯ, ಪಂಜಾಬ್, ಕಾಶ್ಮೀರಗಳನ್ನು ಸುತ್ತಿ ಗಿಡಗಳನ್ನು ಕಿತ್ತು, ಒಣಗಿಸಿ, ಕಟ್ಟಿಟ್ಟ. 1832ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಅವನಿಗೆ ಕೇವಲ ಮೂವತ್ತೊಂದು ವರ್ಷ. ಅವನ ಸಂಗ್ರಹ ಫ್ರಾನ್ಸನ್ನು ತಲುಪಿತು, ಅವನು ತಲುಪಲಿಲ್ಲ. ಅಲ್ಲಿ ಕಾಂಬೆಸೇದ್ ಎಂಬ ವಿದ್ವಾಂಸರು ಈ ಗಿಡಕ್ಕೆ ‘ಕೈರಾಂತಸ್ ಹಿಮಾಲಯೆನ್ಸಿಸ್’ ಎಂದು ಹೆಸರಿಟ್ಟರು.

ಇನ್ನು ಮೇಷ್ಟ್ರಾದ ನನಗೆ ಬಹಳ ಪ್ರಿಯವಾದ ಭಾಗ. 1931ರಲ್ಲಿ ಫ್ರಾಂಕ್ ಸ್ಮೈತ್ ಅವರ ತಂಡ ಗಢವಾಲದ ಕಾಮೆಟ್ ಶಿಖರವನ್ನು (7,756 ಮೀಟರ್) ಮೊದಲ ಬಾರಿಗೆ ಏರಿತು. ಆ ತಂಡ ಮರಳುವಾಗ ಇಳಿದ ಭ್ಯುಂಡಾರ್ ಕಣಿವೆಯೇ ಇಂದಿನ ಪ್ರಸಿದ್ಧ ‘ಹೂಗಳ ಕಣಿವೆ’. ತಂಡದ ಸಸ್ಯಶಾಸ್ತ್ರಜ್ಞರಾಗಿ ಹೋಗಿ, ಶಿಖರವನ್ನೂ ಮುಟ್ಟಿ ಬಂದವರು ಆರ್. ಎಲ್. ಹೋಲ್ಡ್ಸ್‌ವರ್ತ್. ಅವರು ಮುಂದೆ ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ಉಪಾಧ್ಯಾಯರಾದರು. ಆ ಶಾಲೆಯ ಹುಡುಗ ನರೇಂದ್ರಧರ್ ಜಯಾಲ್, ಎಲ್ಲರ ಬಾಯಲ್ಲಿ ನಂದು ಜಯಾಲ್. 1946ರಲ್ಲಿ ಗುರುಶಿಷ್ಯರಿಬ್ಬರೂ ಬಂದರ್‌ಪೂಂಛ್ ಪರ್ವತದ ಸಾಹಸಕ್ಕೆ ಜೊತೆಯಾಗಿ ಹೋಗಿದ್ದರು. ಜಯಾಲರು ಸೇನಾಧಿಕಾರಿಯಾಗಿ, 1954ರಲ್ಲಿ ಸ್ಥಾಪನೆಯಾದ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಯ ಮೊದಲ ಪ್ರಾಂಶುಪಾಲರಾದರು. 1955ರಲ್ಲಿ ಅವರೂ ಕಾಮೆಟ್ಟಿಗೆ ತಂಡ ಕಟ್ಟಿಕೊಂಡು ಹೋದರು. ಅದೇ ಪರ್ವತದಲ್ಲಿ, ಸುಮಾರು 6,400 ಮೀಟರ್ ಎತ್ತರದಲ್ಲಿ, ಅವರಿಗೆ ಎರಡು ಗಿಡಗಳು ದೊರೆತವು. ಒಂದು ಬಟರ್‌ಕಪ್ ಜಾತಿಯ ‘ರಾನನ್‌ಕ್ಯುಲಸ್ ಲೊಬೇಟಸ್’. ಇನ್ನೊಂದು ನಮ್ಮ ಈ ಸಾಸಿವೆಯ ನೆಂಟ. ಉಸಿರಾಟವೇ ದುಸ್ತರವಾದ ಕಡೆ ಶಿಖರದ ಮೇಲೆ ಕಣ್ಣಿಟ್ಟು ನಡೆಯುವವರೇ ಬಹಳ. ಬಾಗಿ ನೆಲವನ್ನು ನೋಡಿದವರು ಜಯಾಲ್. ಆ ನೋಟ ಗುರುವಿನಿಂದ ಬಂದುದೆಂಬುದಕ್ಕೆ ಆಧಾರವೇನೂ ಇಲ್ಲ. ಆದರೂ ಹಾಗೆಂದುಕೊಳ್ಳಲು ನನಗೆ ಆಸೆ. ಮೂರೇ ವರ್ಷಗಳಲ್ಲಿ, 1958ರಲ್ಲಿ, ಚೋ ಓಯು ಪರ್ವತದ ಏರಿನಲ್ಲಿ ಅವರು ತೀರಿಕೊಂಡರು.

ಇಂತಹ ಗಿಡವನ್ನು ಗುರುತಿಸುವುದು ಸುಲಭವಲ್ಲ. ಚಳಿಗೂ ಗಾಳಿಗೂ ಹೆದರಿ ಆ ಎತ್ತರದಲ್ಲಿ ಎಲ್ಲ ಗಿಡಗಳೂ ನೆಲಕ್ಕಂಟಿ ಕುಳಿತಿರುತ್ತವೆ, ಮೈತುಂಬ ರೋಮ ಬೇರೆ. ಬೇರೆ ಬೇರೆ ಕುಟುಂಬದವೂ ಒಂದೇ ತಾಯಿಯ ಮಕ್ಕಳಂತೆ ತೋರುತ್ತವೆ. ಹೂವು ನೋಡಿದಾಗ ಕುಟುಂಬವೇನೋ ತಿಳಿಯುತ್ತದೆ: ಬುಡದಲ್ಲಿ ಹಳದಿ ಬೆರೆತ ನೇರಳೆ ದಳಗಳು, ನಾಲ್ಕೇ ನಾಲ್ಕು. ಕುಟುಂಬದೊಳಗೆ ಯಾವ ಕುಲ ಎಂಬಲ್ಲಿ ಪಂಡಿತರಿಗೂ ತಕರಾರು. ಜರ್ಮನಿಯ ಶುಲ್ಟ್ಸ್ ಇದನ್ನು ‘ಎರ್ಮಾನಿಯಾ’ ಕುಲಕ್ಕೆ ಸೇರಿಸಿದರು. ಜಯಾಲರ ದಾಖಲೆ ಪ್ರಸಿದ್ಧವಾದುದು ಈ ಹೆಸರಿನಲ್ಲಿ. ಜಾಫ್ರಿ ಎಂಬವರು ‘ಕ್ರಿಸ್ಟೋಲಿಯಾ’ ಎಂದರು. ಇರಾಕಿನಲ್ಲಿ ಹುಟ್ಟಿ ಅಮೆರಿಕದ ಮಿಸ್ಸೌರಿ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿದ ಇಹ್ಸಾನ್ ಅಲ್-ಶೆಹ್ಬಾಜ್ 2000ದಲ್ಲಿ ‘ಡೆಸಿಡೇರಿಯಾ’ ಎಂದರು. ಡಿಎನ್‌ಎ ಪರೀಕ್ಷೆಯ ಕಾಲ ಬಂದ ಮೇಲೆ, 2008ರಲ್ಲಿ, ಅವರೂ ಚೀನೀ ಸಹೋದ್ಯೋಗಿಗಳೂ ಕೂಡಿ ‘ಸೋಲ್ಮ್ಸ್-ಲೌಬಾಕಿಯಾ’ಕ್ಕೆ ವರ್ಗಾಯಿಸಿದರು. ಸರ್ಕಾರಿ ನೌಕರರಿಗೂ ಇಷ್ಟು ವರ್ಗಾವಣೆ ಆಗುವುದಿಲ್ಲ! ಇಷ್ಟಾದರೂ ‘ಹಿಮಾಲಯೆನ್ಸಿಸ್’ ಎಂಬ ಎರಡನೆಯ ಪದವನ್ನು ಯಾರೂ ಮುಟ್ಟಿಲ್ಲ. ನಿಯಮವೇ ಹಾಗೆ: ಗಿಡ ಯಾವ ಕುಲಕ್ಕೆ ಹೋದರೂ ಮೊದಲು ಇಟ್ಟ ಆ ಹೆಸರನ್ನು ಹೊತ್ತುಕೊಂಡೇ ಹೋಗಬೇಕು. ಹಾಗಾಗಿ ಜಾಕ್ಮೊ ಕಿತ್ತ ಗಿಡದ ಗುರುತು ಇಂದಿಗೂ ತಪ್ಪಿಹೋಗಿಲ್ಲ.

ಲಡಾಖಿನ ಪೂರ್ವಭಾಗದಲ್ಲಿ 6,150 ಮೀಟರ್ ಎತ್ತರದಲ್ಲಿ ಆರು ಬಗೆಯ ಸಸ್ಯಗಳಿರುವುದನ್ನು ಝೆಕ್ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಆರರಲ್ಲಿ ಮೂರು ಸಾಸಿವೆ ಕುಟುಂಬದವು. ಒಂದರ ಹೆಸರು ‘ಡ್ರಾಬಾ ಅಲ್‌ಶೆಹ್ಬಾಜಿ’. ಯಾರ ಹೆಸರೆಂಬುದು ನಿಮಗೆ ತಿಳಿಯಿತಷ್ಟೆ. ಇನ್ನೊಂದು ‘ಲಡಾಕಿಯೆಲ್ಲಾ ಕ್ಲಿಮೇಶಿ’. ಅದು ಲಡಾಖಿನ ಸಸ್ಯಗಳನ್ನು ವರ್ಷಗಟ್ಟಲೆ ಹುಡುಕಿದ ಝೆಕ್ ಸಸ್ಯಶಾಸ್ತ್ರಜ್ಞ ಲಿಯೋಶ್ ಕ್ಲಿಮೇಶ್ ಅವರ ಹೆಸರು. ಅವರು 2009ರಲ್ಲಿ ಹಿಮಾಲಯದಲ್ಲಿ ಕಣ್ಮರೆಯಾದರು.