ಕಿವಿಯ ದಾರಿಯ ಧ್ಯಾನ: ಕ್ಯಾಸೆಟ್ಟಿನಿಂದ ಆ್ಯಪ್‌ವರೆಗೆ

ರೇಷ್ಮೆ, ಹಾಲು, ಟೊಮೆಟೊಗಳನ್ನೇ ನೆಚ್ಚಿದ್ದ ಕೋಲಾರ ಜಿಲ್ಲೆಯ ನಕ್ಷೆಯಲ್ಲಿ ನರಸಾಪುರ ಈಗ ಬೇರೆಯೇ ಕಾರಣಕ್ಕೆ ಎದ್ದು ಕಾಣುತ್ತದೆ. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಕೋಲಾರಕ್ಕೆ ಮುಂಚೆ ಸಿಗುವ ಈ ಊರಿನ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಹೋಂಡಾದ ಸ್ಕೂಟರುಗಳು ತಯಾರಾಗತೊಡಗಿದವು. ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆಯೂ ಬಂತು. ಕಾರ್ಖಾನೆಯ ಜೊತೆಗೆ ಪಾಳಿ ಬರುತ್ತದೆ, ಪಾಳಿಯ ಜೊತೆಗೆ ಕೆಟ್ಟ ನಿದ್ದೆ. ಮೊಬೈಲಿನಲ್ಲಿ ‘ಗಾಢ ನಿದ್ದೆ’, ‘ಹತ್ತೇ ನಿಮಿಷದಲ್ಲಿ ಧ್ಯಾನಸ್ಥಿತಿ’ ಎಂಬ ತಲೆಬರಹದ ಆಡಿಯೊಗಳನ್ನು ಹುಡುಕುವವರು ಹುಟ್ಟುವುದು ಇಂಥ ಕಡೆಯೇ. ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ಮನಸ್ಸು ನಿಲ್ಲುತ್ತದೆ ಎಂಬ ಈ ಭರವಸೆಗೆ ಒಂದು ಇತಿಹಾಸವಿದೆ. ಅದರಲ್ಲಿ ಕರ್ನಾಟಕದ ಪಾಲೂ ಸಣ್ಣದಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಕನ್ನಡ ನಾಡಿಗೆ ರೇಡಿಯೊ ತಂದವರು ಮನಸ್ಸಿನ ಅಧ್ಯಾಪಕರು ಎಂಬುದು ಕಾಕತಾಳೀಯವೇ ಇರಬಹುದು. ಮುದ್ರಿತ ಧ್ವನಿಯಿಂದಲೇ ದಿನದ ಮೊದಲ ಗಳಿಗೆಯನ್ನು ಹದಗೊಳಿಸಿಕೊಳ್ಳುವ ರೂಢಿ ಮಾತ್ರ ಮನೆಮನೆಗೆ ಹರಡಿದ್ದು ಆಮೇಲೆ, 1963ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆ ಬಂದ ಮೇಲೆ.

ಸ್ವಾರಸ್ಯವೆಂದರೆ, ಧ್ಯಾನವನ್ನು ಪ್ರಯೋಗಾಲಯಕ್ಕೆ ಒಯ್ದ ಮೊದಲ ವಿಜ್ಞಾನಿಗಳಿಗೆ ಸದ್ದು ಧ್ಯಾನದ ನೆಂಟನಾಗಿರಲಿಲ್ಲ, ಎದುರಾಳಿಯಾಗಿತ್ತು. ದೆಹಲಿಯ ಏಮ್ಸ್‌ನಲ್ಲಿ ಬಿ.ಕೆ. ಆನಂದ್, ಜಿ.ಎಸ್. ಛೀನಾ ಮತ್ತು ಬಲದೇವ್ ಸಿಂಗ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯೋಗಿಗಳ ತಲೆಗೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ತಂತಿಗಳನ್ನು ಜೋಡಿಸಿ, ಪಕ್ಕದಲ್ಲಿ ದೊಡ್ಡ ಸದ್ದು ಮಾಡಲಾಯಿತು, ಕಣ್ಣಿಗೆ ತೀವ್ರ ಬೆಳಕು ಹಾಯಿಸಲಾಯಿತು. ಸಾಮಾನ್ಯ ಸ್ಥಿತಿಯಲ್ಲಿ ಇಂಥ ಪ್ರಚೋದನೆ ಬಿದ್ದೊಡನೆ ಮಿದುಳಿನ ಆಲ್ಫಾ ಅಲೆಗಳು ಚದುರುತ್ತವೆ. ಸಮಾಧಿಯಲ್ಲಿದ್ದಾಗ ಅವು ಚದುರಲಿಲ್ಲ. ಹೊರಗಿನ ಸದ್ದು ತಟ್ಟದಿರುವುದೇ ಅಂದು ಆಳವಾದ ಧ್ಯಾನದ ಗುರುತಾಗಿತ್ತು. ಸದ್ದನ್ನೇ ಧ್ಯಾನದ ಮೆಟ್ಟಿಲಾಗಿ ಮಾರುವ ಇಂದಿನ ಮಾರುಕಟ್ಟೆ ಈ ಪುಟವನ್ನು ಸಾಮಾನ್ಯವಾಗಿ ತಿರುವಿ ನೋಡುವುದಿಲ್ಲ.

ಧ್ವನಿಮುದ್ರಣ ಧ್ಯಾನದ ಒಳಮನೆಗೆ ಕಾಲಿಟ್ಟದ್ದು ಉಪಾಧ್ಯಾಯನ ವೇಷದಲ್ಲಿ. ಬರ್ಮಾದಲ್ಲಿ ವಿಪಶ್ಯನ ಧ್ಯಾನ ಕಲಿತು 1969ರಲ್ಲಿ ಭಾರತಕ್ಕೆ ಬಂದ ಎಸ್.ಎನ್. ಗೋಯೆಂಕಾ ಹತ್ತು ದಿನಗಳ ಶಿಬಿರಗಳನ್ನು ನಡೆಸತೊಡಗಿದರು. ಬೇಡಿಕೆ ಹೆಚ್ಚಿದಂತೆ, 1980ರ ದಶಕದ ಆರಂಭದಿಂದ, ಅವರ ಸೂಚನೆ ಮತ್ತು ಪ್ರವಚನಗಳು ಧ್ವನಿಮುದ್ರಿತ ರೂಪದಲ್ಲಿ ಕೇಂದ್ರಗಳಿಗೆ ಹೋದವು. ಸಹಾಯಕ ಆಚಾರ್ಯರು ಎದುರಿಗೆ ಕೂತು ಶಿಬಿರ ನಡೆಸಿದರು. ಗೋಯೆಂಕಾ 2013ರಲ್ಲಿ ತೀರಿಕೊಂಡರೂ ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದಲ್ಲಿ ಶಿಬಿರಾರ್ಥಿಗಳು ಕೇಳುವುದು ಅದೇ ಧ್ವನಿಯನ್ನು. ಜಗತ್ತಿನಲ್ಲಿ ಧ್ವನಿಮುದ್ರಣದ ಮೇಲೆ ಇಷ್ಟು ದೀರ್ಘಕಾಲ, ಇಷ್ಟು ಗಟ್ಟಿಯಾಗಿ ನಿಂತ ಧ್ಯಾನ ಪದ್ಧತಿಗಳು ಕೆಲವೇ ಕೆಲವು. ಆದರೆ ಅಲ್ಲಿ ಧ್ವನಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಗಮನಿಸಬೇಕು. ದಾರಿ ತೋರಿಸಿ ಅದು ಸುಮ್ಮನಾಗುತ್ತದೆ. ಹೆಚ್ಚಿನ ಹೊತ್ತು ಸಭಾಂಗಣದಲ್ಲಿ ಸದ್ದೇ ಇಲ್ಲ. ಸಂದೇಹ ಬಂದರೆ ಕೇಳಲು ಆಚಾರ್ಯರು ಇದ್ದಾರೆ.

ಆನೇಕಲ್ ತಾಲ್ಲೂಕಿನ ಜಿಗಣಿ ಬಳಿಯ ಎಸ್-ವ್ಯಾಸ ಯೋಗ ಸಂಸ್ಥೆ ಈ ಉಪಾಧ್ಯಾಯ ಟೇಪನ್ನು ವಿಜ್ಞಾನದ ಸಲಕರಣೆಯಾಗಿ ಮಾಡಿಕೊಂಡಿತು. ವೇದಾಂತ ಗ್ರಂಥವಾದ ಮಾಂಡೂಕ್ಯ ಕಾರಿಕೆಯ ಒಂದು ಹೊಳಹಿನಿಂದ ಅಲ್ಲಿ ರೂಪುಗೊಂಡ ‘ಆವರ್ತನ ಧ್ಯಾನ’ದಲ್ಲಿ ಆಸನ ಮತ್ತು ವಿಶ್ರಾಂತಿ ಒಂದಾದ ಮೇಲೊಂದು ಬರುತ್ತವೆ. ಅಧ್ಯಯನಗಳಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮೊದಲೇ ಮುದ್ರಿಸಿದ ಸೂಚನೆಯನ್ನು ಕೇಳುತ್ತ, ಸುಮಾರು ಇಪ್ಪತ್ತೆರಡೂವರೆ ನಿಮಿಷ ಅಭ್ಯಾಸ ಮಾಡುತ್ತಾರೆ. ಶರ್ಲಿ ಟೆಲ್ಲಿಸ್, ಎಚ್.ಆರ್. ನಾಗೇಂದ್ರ ಮತ್ತವರ ಸಂಗಡಿಗರು 2000ರಲ್ಲಿ 40 ಪುರುಷರ ಮೇಲೆ ಮಾಡಿದ ಪ್ರಯೋಗದಲ್ಲಿ ಈ ಅಭ್ಯಾಸದ ನಂತರ ಆಮ್ಲಜನಕದ ಬಳಕೆ ಶೇ 32.1ರಷ್ಟು ಇಳಿಯಿತು, ಬರೀ ಶವಾಸನದ ನಂತರ ಇಳಿದದ್ದು ಶೇ 10.1. ಮುದ್ರಿತ ಧ್ವನಿ ಸಂಶೋಧಕರಿಗೆ ಬೇಕಾದದ್ದು ಸರಳ ಕಾರಣಕ್ಕೆ. ಗುರುವಿನ ಗಂಟಲು ಒಂದು ದಿನ ಕಟ್ಟಿರುತ್ತದೆ, ಇನ್ನೊಂದು ದಿನ ಅವರಿಗೆ ಅವಸರ. ಟೇಪು ನಲವತ್ತು ಜನರಿಗೂ ಒಂದೇ ಮಾತು, ಒಂದೇ ವೇಗ. ಅಂದಮಾತ್ರಕ್ಕೆ ಶೇ 32ರ ಕೀರ್ತಿ ಟೇಪಿಗೆ ಸಲ್ಲುವುದಿಲ್ಲ. ಆಸನ, ಉಸಿರು, ಗಮನ ಎಲ್ಲವೂ ಅದರಲ್ಲಿ ಬೆರೆತಿವೆ.

ಇಲ್ಲಿಂದ ಕಥೆ ಕವಲೊಡೆಯುತ್ತದೆ. ಹೇಳಿಕೊಡುವ ಧ್ವನಿ ಒಂದು ಕಡೆ. ಮಾತೇ ಇಲ್ಲದೆ ಮಿದುಳನ್ನು ನೇರವಾಗಿ ತಿರುಗಿಸುತ್ತೇನೆ ಎನ್ನುವ ಸದ್ದು ಇನ್ನೊಂದು ಕಡೆ.

ಎರಡನೆಯದರ ಮೂಲ ಪ್ರಷ್ಯಾದ ಭೌತವಿಜ್ಞಾನಿ ಹೆನ್ರಿಕ್ ವಿಲ್‌ಹೆಲ್ಮ್ ಡೋವ್. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅವನು ಕಂಡುಕೊಂಡದ್ದು ಇಷ್ಟು: ಎಡಗಿವಿಗೆ 200 ಹರ್ಟ್ಸ್, ಬಲಗಿವಿಗೆ 206 ಹರ್ಟ್ಸ್ ಸ್ವರ ಕೇಳಿಸಿದರೆ ಸೆಕೆಂಡಿಗೆ ಆರು ಬಾರಿ ಏರಿಳಿಯುವ ಮೂರನೆಯ ಮಿಡಿತವೊಂದು ಕೇಳಿದಂತಾಗುತ್ತದೆ. ಗಾಳಿಯಲ್ಲಿ ಅಂಥ ಮಿಡಿತವೇ ಇಲ್ಲ. ಎರಡೂ ಕಿವಿಗಳ ಸಂಕೇತ ಮಿದುಳಿನ ಬುಡದಲ್ಲಿ ಕೂಡುವಾಗ ಅದು ಹುಟ್ಟುತ್ತದೆ. ಇದಕ್ಕೆ ಬೈನಾರಲ್ ಬೀಟ್ ಎಂದು ಹೆಸರು. ಹೆಡ್‌ಫೋನ್ ಬೇಕೇ ಬೇಕು ಎನ್ನುವುದು ಇದಕ್ಕಾಗಿ. ಜೆರಾಲ್ಡ್ ಆಸ್ಟರ್ 1973ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬರೆದ ಲೇಖನ ಇದಕ್ಕೆ ಹೊಸ ಜೀವ ಕೊಟ್ಟಿತು. ರೇಡಿಯೊ ಉದ್ಯಮದಿಂದ ಬಂದ ರಾಬರ್ಟ್ ಮನ್ರೋ ಅಮೆರಿಕದ ವರ್ಜೀನಿಯಾದಲ್ಲಿ ಇದನ್ನು ‘ಹೆಮಿ-ಸಿಂಕ್’ ಎಂಬ ಹೆಸರಿನಲ್ಲಿ ಸರಕಾಗಿಸಿದ. 1983ರಲ್ಲಿ ಅಮೆರಿಕದ ಸೇನೆಯ ಅಧಿಕಾರಿಯೊಬ್ಬರು ಮನ್ರೋ ವಿಧಾನದ ಬಗ್ಗೆ ವರದಿಯನ್ನೇ ಬರೆದರು. ಆ ವರದಿ ಬಹಿರಂಗವಾದ ಮೇಲೆ ‘ಗೂಢಚಾರರೂ ಬಳಸಿದ ತಂತ್ರ’ ಎಂಬ ಜಾಹೀರಾತಿಗೆ ಅದೇ ಆಧಾರವಾಯಿತು. ವರದಿ ಇರುವುದು ನಿಜ. ಅದು ಇದೆಯೆಂದ ಮಾತ್ರಕ್ಕೆ ವಿಧಾನ ಫಲಿಸಿತು ಎಂದಾಗುವುದಿಲ್ಲ.

ಪುರಾವೆಯ ಮಾತಿಗೆ ಬಂದರೆ ಚಿತ್ರ ಮಸುಕು. ಶಸ್ತ್ರಚಿಕಿತ್ಸೆಗೆ ಕಾದಿದ್ದ ಸುಮಾರು ನೂರು ರೋಗಿಗಳ ಮೇಲೆ 2005ರಲ್ಲಿ ನಡೆದ ಅಧ್ಯಯನದಲ್ಲಿ ಬೈನಾರಲ್ ಆಡಿಯೊ ಕೇಳಿದವರ ಆತಂಕದ ಅಂಕ ಶೇ 26.3ರಷ್ಟು ಇಳಿಯಿತು, ಅದೇ ಸಂಗೀತವನ್ನು ಬೀಟ್ ಇಲ್ಲದೆ ಕೇಳಿದವರದು ಶೇ 11.1. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿದ ವಿಶ್ಲೇಷಣೆಯೂ ಆತಂಕ, ನೋವು, ನೆನಪುಗಳ ಮೇಲೆ ಮಧ್ಯಮ ಮಟ್ಟದ ಪರಿಣಾಮ ಕಂಡಿತು. ಇಷ್ಟು ಒಳ್ಳೆಯ ಸುದ್ದಿ. ಆದರೆ ಮಾರಾಟಗಾರರ ಮುಖ್ಯ ವಾದ ‘ಮಿದುಳಿನ ಅಲೆಗಳು ಈ ಮಿಡಿತಕ್ಕೆ ಹೆಜ್ಜೆ ಹಾಕುತ್ತವೆ’ ಎಂಬುದಲ್ಲವೇ? 2023ರಲ್ಲಿ ‘ಪ್ಲಾಸ್ ಒನ್’ ವಿಜ್ಞಾನಪತ್ರಿಕೆಯಲ್ಲಿ ಬಂದ ಪರಾಮರ್ಶೆ ಅದನ್ನೇ ಪರೀಕ್ಷಿಸಿದ 14 ಅಧ್ಯಯನಗಳನ್ನು ತೂಗಿ ನೋಡಿತು: ಐದು ಹೌದೆಂದವು, ಎಂಟು ಇಲ್ಲವೆಂದವು, ಒಂದು ಎರಡೂ ಕಡೆ ವಾಲಿತು. ಆತಂಕ ತಗ್ಗೀತು, ಅದಕ್ಕೆ ಕೊಡುವ ಕಾರಣ ಮಾತ್ರ ಸಾಬೀತಾಗಿಲ್ಲ.

2020ರ ಇನ್ನೊಂದು ಅಧ್ಯಯನ ಮತ್ತೂ ಕುತೂಹಲದ್ದು. ಎರಡು ಸ್ವರಗಳನ್ನು ಮೊದಲೇ ಬೆರೆಸಿ ಕೇಳಿಸಿದಾಗ ಹುಟ್ಟುವ ಸಾಮಾನ್ಯ ಮಿಡಿತಕ್ಕೆ ಮಿದುಳು ಹೆಚ್ಚು ಗಟ್ಟಿಯಾಗಿ ಸ್ಪಂದಿಸಿತು, ಬೈನಾರಲ್ ಮಿಡಿತಕ್ಕೆ ಕಡಿಮೆ. ಮನೋಭಾವವನ್ನು ಎರಡೂ ಬದಲಿಸಲಿಲ್ಲ. ಬೆರೆತ ಸ್ವರಗಳ ಮಿಡಿತ ನಮ್ಮ ಸಂಗೀತಗಾರರಿಗೆ ಹೊಸದೇನಲ್ಲ. ತಂಬೂರಿಯ ಜೋಡಿ ತಂತಿಗಳು ಕೂದಲೆಳೆಯಷ್ಟು ಅಪಶ್ರುತಿಯಾದರೆ ನಾದ ತುಯ್ಯತೊಡಗುತ್ತದೆ. ತಂಬೂರಿ, ವೀಣೆಗಳ ನಾದದ ವಿಶೇಷವನ್ನು ಸಿ.ವಿ. ರಾಮನ್ 1921ರಲ್ಲೇ ಭೌತವಿಜ್ಞಾನದ ಕಣ್ಣಿನಿಂದ ನೋಡಿದ್ದರು. ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ರೇಡೆಲ್ ಕಂಪನಿ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಇಳಿಸಿತು. ಈಗ ಅವು ಉಚಿತ ಆ್ಯಪ್‌ಗಳಾಗಿ ಜಪದ ಮಣೆಯ ಪಕ್ಕದಲ್ಲೂ ಕೂತಿವೆ. ‘ಆಲ್ಫಾ ಅಲೆ’ ಎಂಬ ಚೀಟಿ ಅಂಟಿಸದೆಯೇ ಅವು ತಮ್ಮ ಕೆಲಸ ಮಾಡುತ್ತವೆ.

ಕೇಳುವುದಕ್ಕಿಂತ ತಾವೇ ಉಚ್ಚರಿಸುವುದರ ಪರವಾದ ಪುರಾವೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ತಂಡ 2011ರಲ್ಲಿ ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಹನ್ನೆರಡು ಜನರಿಂದ ‘ಓಂ’ ಎನ್ನಿಸಿ, ಹೋಲಿಕೆಗಾಗಿ ‘ಸ್‌ಸ್‌ಸ್’ ಎಂದೂ ಅನ್ನಿಸಿತು. ಓಂಕಾರದ ಹೊತ್ತಿಗೆ ಭಾವನೆಗಳಿಗೆ ಸಂಬಂಧಿಸಿದ ಲಿಂಬಿಕ್ ಭಾಗಗಳ ಚಟುವಟಿಕೆ ತಗ್ಗಿತು, ‘ಸ್‌ಸ್‌ಸ್’ಗೆ ಹಾಗಾಗಲಿಲ್ಲ. ಸಣ್ಣ ಅಧ್ಯಯನವಾದ್ದರಿಂದ ಇದನ್ನು ಪತಾಕೆಯಂತೆ ಹಾರಿಸಬೇಕಿಲ್ಲ. ಇಟಲಿಯ ಲುಚಾನೊ ಬರ್ನಾರ್ಡಿ 2001ರಲ್ಲಿ ತೋರಿಸಿದ್ದು ಇನ್ನೂ ನೇರ: ಕ್ಯಾಥೊಲಿಕರ ಜಪಸರದ ಪ್ರಾರ್ಥನೆಯನ್ನಾಗಲಿ ಯೋಗದ ಮಂತ್ರವನ್ನಾಗಲಿ ಬಾಯಿಬಿಟ್ಟು ಹೇಳಿದರೆ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯುತ್ತದೆ. ಅದೇ ತಂಡ 2006ರಲ್ಲಿ ಬಗೆಬಗೆಯ ಸಂಗೀತ ಕೇಳಿಸಿ ಅಳೆದಾಗ, ನಡುವೆ ಬಂದ ಎರಡು ನಿಮಿಷಗಳ ಮೌನದಲ್ಲಿ ಹೃದಯ ಬಡಿತ, ರಕ್ತದೊತ್ತಡಗಳು ಆರಂಭದ ಮಟ್ಟಕ್ಕಿಂತಲೂ ಕೆಳಗೆ ಹೋದವು.

ಆ್ಯಪ್‌ಗಳ ಕಾಲ ಶುರುವಾದದ್ದು ಹೆಡ್‌ಸ್ಪೇಸ್ (2010) ಮತ್ತು ಕಾಮ್ (2012) ಕಂಪನಿಗಳಿಂದ. ಅವು ಕೂಡ ಬಹುಪಾಲು ಹೇಳಿಕೊಡುವ ಧ್ವನಿಗಳೇ, ಗೋಯೆಂಕಾ ಕ್ಯಾಸೆಟ್ಟಿನ ಕುಲದವು. ತೊಡಕು ಇರುವುದು ಬೇರೆ ಕಡೆ. ಮಾನಸಿಕ ಆರೋಗ್ಯದ ಆ್ಯಪ್‌ಗಳ ನಿಜವಾದ ಬಳಕೆಯನ್ನು ಅಳೆದ 2019ರ ಅಧ್ಯಯನದ ಪ್ರಕಾರ, ತಿಂಗಳ ನಂತರವೂ ಆ್ಯಪ್ ತೆರೆಯುವವರ ಪ್ರಮಾಣದ ಮಧ್ಯಾಂಕ ಶೇ 3.3. ಶಿಬಿರದಲ್ಲಿ ಹತ್ತು ದಿನ ಕೂರಿಸುವ ಗಂಟೆ ಇದೆ, ಅಕ್ಕಪಕ್ಕದಲ್ಲಿ ಕೂತವರಿದ್ದಾರೆ. ಫೋನಿನಲ್ಲಿ ಅದೇ ಹೊತ್ತಿಗೆ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ.

ನರಸಾಪುರದಂಥ ಊರಿನಲ್ಲಿ ಆಡಿಯೊಗೆ ಇನ್ನೊಂದು ಕೆಲಸವೂ ಇದೆ: ಹೊರಗಿನ ಗದ್ದಲವನ್ನು ಮುಚ್ಚುವುದು. ದೇಶದ ಶಬ್ದ ಮಾಲಿನ್ಯ ನಿಯಮಗಳು (2000) ರಾತ್ರಿ ಹೊತ್ತು ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿ ಹಾಕಿವೆ, ಕೈಗಾರಿಕಾ ಪ್ರದೇಶಕ್ಕೆ 70. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿಗೆ ರಾತ್ರಿಯ ಮಿತಿಯಿಂದ ಏನೂ ಪ್ರಯೋಜನವಿಲ್ಲ. ಹೆದ್ದಾರಿಯ ಲಾರಿ ಸದ್ದಿನ ನಡುವೆ ಮಳೆಯ ಧ್ವನಿಯೋ ತಂಬೂರಿಯೋ ನಿದ್ದೆಗೆ ನೆರವಾದರೆ ತಪ್ಪೇನಿಲ್ಲ, ಆದರೆ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸಿದರೆ ಪೆಟ್ಟು ಕಿವಿಗೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ.

ಆಡಿಯೊ ಮುಟ್ಟಲಾರದ ಒತ್ತಡಗಳೂ ಉಂಟು. 2020ರ ಡಿಸೆಂಬರ್ 12ರಂದು ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಸಿಟ್ಟು ಸಿಡಿದು ದಾಂಧಲೆಯಾಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ವೇತನ ಹೋಗಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಆ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು. ಕಾರಣ ಸಂಬಳದ ಚೀಟಿಯಲ್ಲಿರುವಾಗ ಮನಸ್ಸನ್ನು ತಣಿಸಿಕೋ ಎಂದು ಇಯರ್‌ಫೋನ್ ಕೊಡುವುದು ಉಪಕಾರವೆನಿಸದು.

ಧ್ಯಾನದಲ್ಲಿ ಕೂತಾಗ ಕೆಲವರಿಗೆ ಆತಂಕ ಹೆಚ್ಚುವುದೂ ಉಂಟು, ಹಳೆಯ ನೋವು ಮೇಲೇಳುವುದೂ ಉಂಟು. ಗಂಭೀರ ಮಾನಸಿಕ ಕಾಯಿಲೆ ಇರುವವರಿಗೆ ವಿಪಶ್ಯನ ಕೇಂದ್ರಗಳೇ ಶಿಬಿರ ಬೇಡವೆನ್ನುತ್ತವೆ. ಆಡಿಯೊ ಫೈಲಿಗೆ ಹಾಗೆ ಕೇಳಿ ತಡೆಯುವ ವ್ಯವಸ್ಥೆ ಇಲ್ಲ. ಅಂಥ ಹೊತ್ತಿಗೆ ಕೇಳಿ, ಉತ್ತರ ಕೊಡುವ ಧ್ವನಿ ಬೇಕಾಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಕರೆ ಉಚಿತ, ಇಪ್ಪತ್ನಾಲ್ಕು ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು.