ಮಿರಗದಿಂದ ಮಾರ್ಗಶಿರದ ತನಕ

2023ರ ಕ್ಯಾಲೆಂಡರಿನಲ್ಲಿ ಎಳ್ಳ ಅಮವಾಸಿ ಎಲ್ಲಿದೆ ಅಂತ ಹುಡುಕಿ ನೋಡಿ. ಸಿಗೋದಿಲ್ಲ. 2022ರ ಡಿಸೆಂಬರ್ 23ಕ್ಕೆ ಒಂದು ಆಯ್ತು, ಆಮೇಲೆ ಸೀದಾ 2024ರ ಜನವರಿ 11. ಅದೇ 2024ರ ಡಿಸೆಂಬರ್ 30ಕ್ಕೆ ಮತ್ತೊಂದು. ಒಂದು ವರ್ಷ ಹಬ್ಬವೇ ಇಲ್ಲ, ಮರುವರ್ಷ ಎರಡೆರಡು!

ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತರು ಯಾರೂ ಹಬ್ಬ ತಪ್ಪಿತು ಅಂತ ಗಾಬರಿಯಾಗಲಿಲ್ಲ. ಯಾಕಂದ್ರೆ ಅವರ ಲೆಕ್ಕದಲ್ಲಿ ಅದು ತಪ್ಪಿರಲೇ ಇಲ್ಲ. ಹೊಲದಲ್ಲಿ ಬಿಳಿಜೋಳ ಹೊಡೆ ಕಟ್ಟಿ ತೆನೆ ಬಿಡುವ ಹೊತ್ತಿಗೆ ಮಾರ್ಗಶಿರ ಮುಗಿಯಬೇಕು. ಅದು ಮುಗಿದಿತ್ತು. ಅಷ್ಟೇ.

ಇದರ ಹಿಂದೆ ಒಂದು ಜಾಣ ಲೆಕ್ಕವಿದೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಹಾಗೇ ಬಿಟ್ಟರೆ ಹಬ್ಬಗಳು ಜಾರಿ ಜಾರಿ ಮಳೆಗಾಲಕ್ಕೆ ಹೋಗಿಬಿಡುತ್ತವೆ. ಅದಕ್ಕೇ ಸುಮಾರು ಮೂವತ್ತೆರಡು-ಮೂವತ್ಮೂರು ತಿಂಗಳಿಗೊಮ್ಮೆ ಅಧಿಕ ಮಾಸ. 2023ರಲ್ಲಿ ಶ್ರಾವಣ ಎರಡು ಸಲ ಬಂದದ್ದು ಇದರಿಂದಲೇ. ಹೀಗೆ ಸರಿಮಾಡಿಕೊಳ್ಳುವುದರಿಂದ ಎಳ್ಳ ಅಮವಾಸಿ ಯಾವಾಗಲೂ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯೊಳಗೇ ಬೀಳುತ್ತದೆ.

ಇದೇ ತಲೆನೋವು ಯೆಹೂದಿಗಳಿಗೂ ಇತ್ತು. ಅವರ ಪಾಸೋವರ್ ಹಬ್ಬದ ತಿಂಗಳಿಗೆ ಹಳೆಯ ಹೆಸರು ಅವೀವ್, ಅಂದರೆ ಬಾರ್ಲಿಯ ಎಳೆತೆನೆ. ಹೆಸರೇ ಬೆಳೆಯದ್ದಾದ ಮೇಲೆ ತಿಂಗಳು ಬೆಳೆಗೆ ತಪ್ಪಿ ಬರುವ ಹಾಗಿಲ್ಲ. ಅವರೂ ಹತ್ತೊಂಬತ್ತು ವರ್ಷಕ್ಕೆ ಏಳು ತಿಂಗಳು ಹೆಚ್ಚು ಸೇರಿಸಿದರು. ಚಂದ್ರನನ್ನೂ ಬಿಡಲಾಗದ, ಹೊಲವನ್ನೂ ಬಿಡಲಾಗದ ಜನ ಎಲ್ಲಿದ್ದರೂ ಕೊನೆಗೆ ಈ ದಾರಿಗೇ ಬಂದಿದ್ದಾರೆ.

ವಿಜಯಪುರದ ಆದಿಲ್‌ಶಾಹಿಗಳದ್ದು (1490–1686) ಇನ್ನೂ ಕುತೂಹಲದ ಕತೆ. ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ. ಅದು ಸುಮಾರು 33 ವರ್ಷಕ್ಕೊಮ್ಮೆ ಋತುಗಳನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತದೆ. ನಮಾಜು, ರೋಜಾಗಳಿಗೆ ಅದೇ ಸರಿ. ಆದರೆ ಕಂದಾಯ? ಬೆಳೆ ಬಾರದ ತಿಂಗಳಲ್ಲಿ ರೈತ ಎಲ್ಲಿಂದ ಕೊಟ್ಟಾನು? ಅದಕ್ಕೆ ದಖ್ಖನ್ನಿನ ದಫ್ತರುಗಳಲ್ಲಿ ಶುಹೂರ್ ಸನ್ ಎಂಬ ಸೌರ ವರ್ಷ ಬಳಕೆಯಲ್ಲಿತ್ತು. ಸೂರ್ಯ ಮೃಗಶಿರಾ ನಕ್ಷತ್ರ ಸೇರುವ ಜೂನ್ ತಿಂಗಳ ದಿನವೇ ಅದರ ಹೊಸ ವರ್ಷ. ಮರಾಠಿ ಸೀಮೆಯಲ್ಲಿ ಅದನ್ನು ಮೃಗಸಾಲ ಅಂತಲೇ ಕರೆದರು. ನಮ್ಮ ಕಡೆ ಇವತ್ತಿಗೂ ‘ಮಿರಗ ಕೂಡಿತು’ ಅನ್ನುತ್ತಾರಲ್ಲ, ಅದೇ ಮಿರಗ.

ಸುಲ್ತಾನನ ದಫ್ತರು ರೈತನ ಗಡಿಯಾರಕ್ಕೆ ತನ್ನ ಮುಳ್ಳು ಹೊಂದಿಸಿಕೊಂಡಿತ್ತು ಅಂತಲೇ ಹೇಳಬೇಕು.

ಈಗ ಒಂದು ಸೊಗಸು ನೋಡಿ. ಜೂನಿನಲ್ಲಿ ಸೂರ್ಯ ಮೃಗಶಿರಾ ನಕ್ಷತ್ರದಲ್ಲಿದ್ದಾಗ ಮಳೆ ಬಾಗಿಲು ತೆರೆಯುತ್ತದೆ. ಆರು ತಿಂಗಳ ಮೇಲೆ ಹುಣ್ಣಿಮೆ ಚಂದ್ರ ಅದೇ ನಕ್ಷತ್ರದ ಬಳಿ ನಿಲ್ಲುತ್ತಾನೆ. ಆ ತಿಂಗಳೇ ಮಾರ್ಗಶಿರ. ಒಂದೇ ಚುಕ್ಕಿ, ಎರಡು ಕೆಲಸ: ಒಮ್ಮೆ ಮಳೆಗೆ ಕರೆ, ಇನ್ನೊಮ್ಮೆ ಮಳೆ ಮುಗಿಯಿತು ಅನ್ನುವ ಮಾತು.

ಮಳೆ ಮುಗಿಯಿತು ಅನ್ನೋದೇ ಇಲ್ಲಿ ಮುಖ್ಯ. ಈ ತಾಲ್ಲೂಕುಗಳ ಹೆಗ್ಗಳಿಕೆ ಹಿಂಗಾರಿ ಬಿಳಿಜೋಳ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಉತ್ತರಿ, ಹಸ್ತ ಮಳೆಗಳ ಹಸಿ ಹಿಡಿದು ಬಿತ್ತನೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಿ ಮಣ್ಣು ಒಡಲಲ್ಲಿ ಹಿಡಿದಿಟ್ಟ ತೇವದಲ್ಲೇ ಜೋಳ ಬೆಳೀಬೇಕು. ಮಾರ್ಗಶಿರದ ಹೊತ್ತಿಗೆ ರೈತನ ಕೈಲಿ ಮಾಡೋದು ಏನೂ ಉಳಿದಿರೋದಿಲ್ಲ. ಭೂಮಿ ಬಸುರಿ. ಕಾಯಬೇಕು.

ಬಸುರಿಗೆ ಏನು ಮಾಡುತ್ತೇವೆ? ಬಯಕೆ ಊಟ ಹಾಕುತ್ತೇವೆ. ಚರಗ ಅಂದರೆ ಅದೇ. ಮುಂಗಾರಿ ಬೆಳೆಗೆ ಸೀಗಿ ಹುಣ್ಣಿಮೆ, ಹಿಂಗಾರಿಗೆ ಎಳ್ಳ ಅಮವಾಸಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿ ಮನೆಮಂದಿಯೆಲ್ಲ ಹೊಲಕ್ಕೆ ಹೊರಡುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ. ಆಮೇಲೆ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ, ಬಂದವರಿಗೆಲ್ಲ ಕರೆದು ಉಣಿಸಿ, ತಾವು ಉಣ್ಣುತ್ತಾರೆ. ಇರುವೆ, ಹಕ್ಕಿ, ದಾರಿಹೋಕ, ಎಲ್ಲರಿಗೂ ಪಾಲು. ಗಮನಿಸಿ, ರಾಶಿ ಇನ್ನೂ ಆಗಿಲ್ಲ. ಬೆಳೆ ಕೈಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗಲೇ ಹಂಚುವುದು. ಈ ತಿಂಗಳ ಅಧ್ಯಾತ್ಮ ಇಷ್ಟೇ ಇದ್ದರೂ ಸಾಕು.

ಇದೇನು ಸುಖದ ಸೀಮೆಯ ಸಂಭ್ರಮವಲ್ಲ. 1876–78ರ ಬರದಲ್ಲಿ ಈ ನಾಲ್ಕೂ ತಾಲ್ಲೂಕುಗಳು ಆಗಿನ ಕಲಾದಗಿ ಜಿಲ್ಲೆಯಲ್ಲಿದ್ದವು. 1872ರ ಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಇಂಥ ನೆಲದಲ್ಲಿ, ಮಣ್ಣಿನ ತೇವ ಕೊನೆತನಕ ಸಾಕಾಗಲಿ ಅನ್ನುವ ಪ್ರಾರ್ಥನೆ ಬರೀ ಸಂಪ್ರದಾಯ ಆಗಿರಲು ಸಾಧ್ಯವಿಲ್ಲ.

ಈಗ ಕಾಲ ಬದಲಾಗಿದೆ. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ನಿಧಾನಕ್ಕೆ ಕಾಲುವೆ, ಏತ ನೀರಾವರಿ ಬಂದವು. ಕಬ್ಬು, ದ್ರಾಕ್ಷಿ ಬಂದವು. ಇಂಡಿಯ ಲಿಂಬೆ ದೂರದ ಮಾರುಕಟ್ಟೆಗಳಿಗೆ ಹೋಗುತ್ತದೆ. ಇದನ್ನು ಬೇಡ ಅನ್ನುವ ಹಕ್ಕು ನಗರದಲ್ಲಿ ಕೂತ ನಮಗಿಲ್ಲ. ಬರದ ಲೆಕ್ಕ ಗೊತ್ತಿದ್ದವರು ನೀರನ್ನು ಬೈಯೋದಿಲ್ಲ. ಆದರೆ ಕಬ್ಬಿಗೆ ಮಾರ್ಗಶಿರ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಫ್ಯಾಕ್ಟರಿ ಶುರುವಾಗುವ ದಿನ.

ಹೀಗಾಗಿ ಪ್ರಶ್ನೆ ಉಳಿಯುತ್ತದೆ. ಜೋಳ ಹೋದ ಹೊಲದಲ್ಲಿ ಚರಗ ಯಾರಿಗೆ? ಬೆಂಗಳೂರು, ಪುಣೆಯ ಆಫೀಸುಗಳ ಹಾಲಿಡೇ ಲಿಸ್ಟಿನಲ್ಲಿ ಈ ಹಬ್ಬ ಹುಡುಕಿದರೂ ಸಿಗೋದು ಕಷ್ಟ. ಆದರೂ ಎಷ್ಟೋ ಹುಡುಗರು ರಜೆ ಹಾಕಿ ರಾತ್ರಿ ಬಸ್ಸು ಹತ್ತುತ್ತಾರೆ. ಹೋದಾಗ ಒಂದು ಕೆಲಸ ಮಾಡಿ. ಊಟಕ್ಕೆ ಕೂರುವ ಮುಂಚೆ ಹೊಲದೊಳಗೆ ಹೆಜ್ಜೆ ಹಾಕಿ, ಒಂದು ಹೊಡೆ ಮೆಲ್ಲಗೆ ಬಿಡಿಸಿ ನೋಡಿ. ಒಳಗೆ ಎಳೆತೆನೆ ಇದ್ದರೆ ತಿಂಗಳು ಸರಿಯಾಗಿಯೇ ಬಂದಿದೆ ಅಂತ ತಿಳೀರಿ.