ಮೊಲದ ಗೂಡು ಯಾರಿಗಾಗಿ ಕಟ್ಟಿದ್ದು?

ಈ ವಾರದ ಎಪಿಸೋಡ್ ಸ್ವಲ್ಪ ಪರ್ಸನಲ್. ಮೊದಲಿಗೇ ಹೇಳಿಬಿಡ್ತೀನಿ, ಶುರುವಿನಲ್ಲೇ ಒಂದು ಮೊಲ ಸಾಯುತ್ತೆ.

ಅದರ ಹೆಸರು ಅವಲಕ್ಕಿ. ಮೂರು ವರ್ಷದ ಹಿಂದೆ ತಂದಿದ್ದೆ. ಅಂಗಡಿಯವರು ಮೊಲದ ಜೊತೆಗೇ ಪಂಜರವನ್ನೂ ಕೊಟ್ಟಿದ್ದರು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಕೆಳಗೆ ತಂತಿಯ ನೆಲ. 'ಇದರಲ್ಲಿಟ್ಟರೆ ಸೇಫ್ ಸರ್' ಅಂದರು, ನಾನೂ ನಂಬಿದೆ. ಬೆಂಗಳೂರಿನ ಸಿಂಗಲ್ ಬೆಡ್‌ರೂಮ್ ಬಾಡಿಗೆ ಮನೆ, ಬಾಲ್ಕನಿಯಲ್ಲಿ ಪಂಜರ, ಪಂಜರಕ್ಕೆ ಚಿಲಕ, ಚಿಲಕಕ್ಕೆ ಪುಟ್ಟ ಬೀಗ. ಒಂದು ರಾತ್ರಿ ಬೆಕ್ಕು ಬಂದಿದೆ. ಬೆಳಿಗ್ಗೆ ಎದ್ದು ನೋಡಿದರೆ ಬೀಗ ಹಾಗೇ ಇದೆ, ಒಂದು ಸರಳೂ ಬಾಗಿಲ್ಲ, ಅವಲಕ್ಕಿಯ ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಹಿಂಗಾಲು ಎರಡನ್ನೂ ಎಳೀತಾ ಇತ್ತು. ಪಶುವೈದ್ಯರು ಎಕ್ಸ್‌ರೇ ತೋರಿಸಿದರು. ಬೆದರಿ ಒದ್ದುಕೊಂಡ ರಭಸಕ್ಕೆ ಬೆನ್ನುಮೂಳೆ ಮುರಿದಿತ್ತು. ಮೊಲದ ಹಿಂಗಾಲಿಗೆ ಬಲ ಜಾಸ್ತಿ, ಎಲುಬು ಮಾತ್ರ ಹಗುರ. ಓಡಾಟವೇ ಇಲ್ಲದೆ ಕೂತ ಮೊಲದ ಎಲುಬು ಇನ್ನೂ ಸೊರಗಿರುತ್ತೆ ಅಂದರು. ಮೂರನೇ ದಿನ ಹೋಯ್ತು.

ಬೆಕ್ಕು ಒಳಗೆ ಬರಲೇ ಇಲ್ಲ. ಅದೇ ನನ್ನನ್ನು ಕೊರೀತಾ ಇದ್ದದ್ದು. ಬಿ.ಕಾಂ. ಓದಿದವನಿಗೆ ಒಂದು ಚಟ, ಯಾವ ವಸ್ತು ಕಂಡರೂ ಖರ್ಚು ಯಾರದು, ಲಾಭ ಯಾರದು ಅಂತ ಹುಡುಕೋದು. ಆ ಪಂಜರದ ಅಳತೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ.

ಕನ್ನಡದಲ್ಲಿ ಮೊಲ ಅಂದರೆ ಎರಡು ಬೇರೆ ಬೇರೆ ಪ್ರಾಣಿ. ನಮ್ಮ ಹೊಲ, ಕುರುಚಲು ಕಾಡಿನಲ್ಲಿ ಓಡೋ ಕಾಡುಮೊಲ ಬಿಲ ತೋಡಲ್ಲ, ಹುಲ್ಲಿನ ಮರೆಯಲ್ಲೇ ಮಲಗುತ್ತೆ. ವನ್ಯಜೀವಿ ಕಾಯ್ದೆ ಇದೆ, ಅದನ್ನು ಸಾಕೋ ಹಾಗೂ ಇಲ್ಲ. ಮನೆಯಲ್ಲಿ ಸಾಕೋದು ಇನ್ನೊಂದು, ಸ್ಪೇನ್ ಕಡೆಯ ಮೂಲದ್ದು, ಗುಂಪಾಗಿ ನೆಲದೊಳಗೆ ಬಿಲ ಮಾಡಿ ಬದುಕೋದು. ಹೆದರಿಕೆ ಆದ ಕೂಡಲೇ ಅದರ ಮೈ ಬಿಲವನ್ನೇ ಹುಡುಕುತ್ತೆ.

ಈಗ ರೋಮ್‌ಗೆ ಹೋಗೋಣ. ಕ್ರಿ.ಪೂ. 37ರಲ್ಲಿ ವಾರೊ ಅನ್ನೋ ಪಂಡಿತ ಕೃಷಿಯ ಬಗ್ಗೆ ಒಂದು ಪುಸ್ತಕ ಬರೆದ. ಆಗ ಅವನಿಗೆ ವಯಸ್ಸು 80. ಹೆಂಡತಿ ಫುಂಡಾನಿಯಾ ಜಮೀನು ಕೊಂಡಿದ್ದಳು, ಅವಳಿಗೆ ದಾರಿ ತೋರಿಸೋಕೆ ಬರೆದದ್ದು. ಅದರ ಮೂರನೇ ಭಾಗದಲ್ಲಿ ಮೊಲ ಸಾಕೋ ಲೆಪೊರೇರಿಯಂ ಅನ್ನೋ ಆವರಣದ ವಿವರ ಇದೆ. ಗೋಡೆಗೆ ಗಾರೆ ಬಳಿದಿರಬೇಕು, ಬೆಕ್ಕಿನಂಥ ಬೇಟೆ ಪ್ರಾಣಿ ನುಸುಳಬಾರದು. ತೋಳ ಹಾರದಷ್ಟು ಎತ್ತರವೂ ಬೇಕು. ಇಷ್ಟನ್ನು ಯಾರಾದರೂ ಹೇಳ್ತಾರೆ ಬಿಡಿ. ನಾನು ಎರಡು ಸಲ ಓದಿದ್ದು ಮುಂದಿನ ಮಾತನ್ನು. ಹಗಲು ಹೊತ್ತು ಅಡಗಿ ಕೂರೋಕೆ ಒಳಗೆ ಪೊದೆ, ಹುಲ್ಲು ಇರಬೇಕಂತೆ. ಹದ್ದು ಎರಗೋಕೆ ಅಡ್ಡಿಯಾಗುವಂತೆ ಅಗಲವಾಗಿ ಹರಡಿದ ಮರಗಳೂ ಬೇಕಂತೆ. ಅಂದರೆ ವಾರೊನ ಲೆಕ್ಕದಲ್ಲಿ ಜಾಗ ಬೇರೆ, ಭದ್ರತೆ ಬೇರೆ ಅಲ್ಲವೇ ಅಲ್ಲ. ಶತ್ರು ಒಳಗೆ ಬರದಿದ್ದರೆ ಸಾಲದು, ಮೊಲಕ್ಕೆ ಕಣ್ಮರೆಯಾಗೋಕೂ ಜಾಗ ಬೇಕು. ನನ್ನ ಬಾಲ್ಕನಿಯಲ್ಲಿ ಇದರ ಅರ್ಧ ಮಾತ್ರ ಇತ್ತು.

ಹಾಗಂತ ವಾರೊನನ್ನು ಪ್ರಾಣಿಪ್ರೇಮಿ ಅಂದುಕೊಳ್ಳಬೇಡಿ, ಅವನಿಗೆ ಬೇಕಿದ್ದದ್ದು ಮಾಂಸ. ಅದೇ ಪುಸ್ತಕದಲ್ಲಿ ಸ್ಪೇನಿನ ಈ ಬಿಲದ ಮೊಲವನ್ನೂ ಹೆಸರಿಸಿದ್ದಾನೆ, ನೆಲ ಕೊರೆಯೋ ಸ್ವಭಾವದಿಂದಲೇ ಅದಕ್ಕೆ ಆ ಹೆಸರು ಅಂತ. ಅದರ ಕೊರೆತ ಎಷ್ಟಿತ್ತು ಅಂದರೆ, ಬಾಲಿಯಾರಿಕ್ ದ್ವೀಪದ ಜನ ಮೊಲದ ಕಾಟ ತಾಳಲಾರದೆ ಚಕ್ರವರ್ತಿ ಅಗಸ್ಟಸ್ ಹತ್ತಿರ ಸೈನ್ಯದ ಸಹಾಯ ಕೇಳಿದ್ದರು ಅಂತ ಪ್ಲಿನಿ ಬರೆದಿದ್ದಾನೆ. ಮೊಲದ ಮೇಲೆ ಮಿಲಿಟರಿ!

ಇಲ್ಲಿ ಒಂದು ಅಡ್ಡ ಮಾತು. ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗೊರಿ ಮೊಲದ ಮರಿಯನ್ನು ಮೀನಿಗೆ ಸಮ ಅಂತ ಘೋಷಿಸಿದರು, ಉಪವಾಸದಲ್ಲಿ ತಿನ್ನೋಕೆ ಸನ್ಯಾಸಿಗಳು ಮಠದೊಳಗೆ ಮೊಲ ಸಾಕಿದರು, ಹಾಗೆ ಅದು ಸಾಕುಪ್ರಾಣಿ ಆಯ್ತು ಅನ್ನೋ ಕಥೆ ಇಂಟರ್‌ನೆಟ್ ತುಂಬಾ ಇದೆ. ಅದು ಸುಳ್ಳು. 2018ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಮೂಲ ಹುಡುಕಿದಾಗ ಪೋಪ್ ಅಂಥ ಮಾತು ಹೇಳಿದ್ದೇ ಸಿಗಲಿಲ್ಲ. ಗ್ರೆಗೊರಿ ಆಫ್ ಟೂರ್ಸ್ ಅನ್ನೋ ಬೇರೆ ಲೇಖಕನ ಬರಹವನ್ನು ಯಾರೋ ತಪ್ಪಾಗಿ ಓದಿ, ಮಿಕ್ಕವರು ಕಾಪಿ ಹೊಡೆದಿದ್ದರು. ನಾನೂ ಹಳೇ ಎಪಿಸೋಡ್ ಒಂದರಲ್ಲಿ ಇದನ್ನೇ ಹೇಳಿದ್ದೆ, ಕ್ಷಮಿಸಿ.

ಇಂಗ್ಲೆಂಡಿಗೆ ಈ ಮೊಲವನ್ನು ತಂದು ನೆಲೆಗೊಳಿಸಿದವರು ನಾರ್ಮನ್ನರು. ಆಗ ಅದು ದುಬಾರಿ ಮಾಲು. ಚಳಿಗೆ ಗಟ್ಟಿಯಾದ ನೆಲದಲ್ಲಿ ಬಿಲ ತೋಡೋದು ಕಷ್ಟ ಅಂತ ಜನರೇ ಸಡಿಲ ಮಣ್ಣಿನ ಉದ್ದ ದಿಬ್ಬಗಳನ್ನು ಮಾಡಿಕೊಟ್ಟರು. ತಲೆದಿಂಬಿನ ಆಕಾರ ಇರೋದರಿಂದ ಇವತ್ತಿಗೂ ಅವುಗಳಿಗೆ ದಿಂಬಿನ ದಿಬ್ಬ ಅಂತಲೇ ಹೆಸರು. ಕಾವಲಿಗೆ ಸಂಬಳದ ಆಳು. ಥೆಟ್‌ಫರ್ಡ್ ಅನ್ನೋ ಊರಿನ ಹತ್ತಿರ ಸುಮಾರು 1400ರಲ್ಲಿ ಮಠದವರು ಕಾವಲುಗಾರನಿಗೆ ಕಟ್ಟಿಸಿದ ಕಲ್ಲಿನ ಮನೆ ಈಗಲೂ ನಿಂತಿದೆ, ಕೋಟೆಯ ಬುರುಜಿನ ಹಾಗೆ. ಮೊಲ ಕದಿಯೋರು ಶಸ್ತ್ರ ಹಿಡಿದು ಬರ್ತಿದ್ದ ಕಾಲ ಅದು.

ಬೇಲಿ ಮರೆತರೆ ಏನಾಗುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾ ಸಾಕು. 1859ರಲ್ಲಿ ಥಾಮಸ್ ಆಸ್ಟಿನ್ ಬೇಟೆಯ ಶೋಕಿಗೆ 24 ಮೊಲ ತರಿಸಿದ. 1907ರ ಹೊತ್ತಿಗೆ ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ 1,833 ಕಿಲೋಮೀಟರ್ ಉದ್ದದ ಬೇಲಿ ಕಟ್ಟಿ ಮುಗಿಸಿತು. ಮುಗಿಯೋ ಮೊದಲೇ ಮೊಲಗಳು ಆಚೆ ದಾಟಿದ್ದವು.

ಇನ್ನು ಪಂಜರದ ವಿಷಯ. ದಿಬ್ಬ, ಪೊದೆ, ಮರ ಎಲ್ಲಾ ಹೋಗಿ ಮರದ ಪೆಟ್ಟಿಗೆ ಬಂದದ್ದು ಮೊಲಕ್ಕಾಗಿ ಅಲ್ಲ. ಜಮೀನಿಲ್ಲದವರೂ ಹಿತ್ತಲಲ್ಲಿ ಮಾಂಸ ಬೆಳೆಯಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಮಾಂಸಕ್ಕೆ ರೇಷನ್ ಬಂದಾಗ ಎಷ್ಟೋ ಮನೆಗಳ ಹಿತ್ತಲಲ್ಲಿ ಇಂಥ ಗೂಡುಗಳಿದ್ದವು. ಒಂದರ ಮೇಲೊಂದು ಜೋಡಿಸಬಹುದು, ಬೇಗ ಗುಡಿಸಬಹುದು, ಓಡಾಟ ಇಲ್ಲದಿದ್ದರೆ ತಿಂದದ್ದು ಮೈಗೆ ಹತ್ತುತ್ತೆ. ಮಾಂಸದ ಮೊಲವನ್ನು ಸುಮಾರು ಮೂರು ತಿಂಗಳಿಗೆ ಕೊಯ್ತಾರೆ. ಮುದ್ದಿಗೆ ಸಾಕಿದ ಮೊಲ ಎಂಟು, ಹತ್ತು ವರ್ಷ ಬದುಕುತ್ತೆ. ಮೂರು ತಿಂಗಳ ಲೆಕ್ಕದಲ್ಲಿ ಕಟ್ಟಿದ ರೂಮನ್ನು ಹತ್ತು ವರ್ಷದ ಬಾಡಿಗೆದಾರನಿಗೆ ಕೊಟ್ಟ ಹಾಗೆ. ಯುದ್ಧ ಮುಗಿದ ಮೇಲೆ ಮಕ್ಕಳ ಮೊಲವನ್ನೂ ಅದೇ ಗೂಡಿನಲ್ಲಿಟ್ಟರು. ಕೊನೆಗೆ ಅದೇ ಲೆಕ್ಕದ ಪಂಜರ ನನ್ನ ಬಾಲ್ಕನಿಗೂ ಬಂತು.

ಮೊಲ ಮನೆಯೊಳಗೆ, ನಾಯಿ ಬೆಕ್ಕಿನ ಥರ ಬದುಕಬಹುದು ಅನ್ನೋ ಮಾತು ಜೋರಾಗಿದ್ದು ತೀರಾ ಈಚೆಗೆ. ಅಮೆರಿಕದ ಮ್ಯಾರಿನೆಲ್ ಹ್ಯಾರಿಮನ್ 1985ರಲ್ಲಿ ಮನೆಮೊಲದ ಕೈಪಿಡಿ ಬರೆದರು, 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೌಸ್ ರ‍್ಯಾಬಿಟ್ ಸೊಸೈಟಿ ಶುರುವಾಯ್ತು. ಈಗ ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆ ಎರಡು ಮೊಲಕ್ಕೆ ಹೇಳೋ ಕನಿಷ್ಠ ಅಳತೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರ. ನಮ್ಮ ಲೆಕ್ಕದಲ್ಲಿ ಸುಮಾರು 65 ಚದರಡಿ. ಅವಲಕ್ಕಿಗೆ ನಾನು ಕೊಟ್ಟಿದ್ದು ಮೂರು.

ಕಳೆದ ವರ್ಷ ಇನ್ನೆರಡು ಮೊಲ ತಂದೆ, ಯಾರೋ ಸಾಕಲಾಗದೆ ಬಿಟ್ಟವು. ಹಾಲ್‌ನ ಅರ್ಧಕ್ಕೆ ನಾಯಿಮರಿಗೆ ಹಾಕೋ ಮಡಚುವ ಕಬ್ಬಿಣದ ಬೇಲಿ. ಟೈಲ್ಸ್ ಮೇಲೆ ಕಾಲು ಜಾರುತ್ತೆ, ಅದಕ್ಕೆ ಹಳೇ ಜಮಖಾನ. ಹಲ್ಲು ಸದಾ ಬೆಳೀತಾನೇ ಇರೋದರಿಂದ ಸಿಕ್ಕಿದ್ದನ್ನೆಲ್ಲಾ ಕಡಿಯುತ್ತವೆ, ಹಾಗಾಗಿ ವೈರುಗಳೆಲ್ಲಾ ಪ್ಲಾಸ್ಟಿಕ್ ಪೈಪಿನೊಳಗೆ. ಈ ಮೈಕಿನ ಕೇಬಲ್ ಎರಡನೆಯದು. ಬಾಲ್ಕನಿಗೆ ನಾನಿಲ್ಲದೆ ಬಿಡಲ್ಲ, ಮೇಲೆ ಹದ್ದುಗಳು ಸುತ್ತುತ್ತಾ ಇರುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಬಟ್ಟೆ ಸುತ್ತಿದ ಐಸ್ ಬಾಟಲಿ ಇಡ್ತೀನಿ. ಎರಡು ಕಡೆ ಬಾಗಿಲು ಕೊಯ್ದ ರಟ್ಟಿನ ಡಬ್ಬ ನಾಲ್ಕಿವೆ, ಒಂದು ಕಡೆಯಿಂದ ಹೆದರಿಕೆ ಬಂದರೆ ಇನ್ನೊಂದು ಕಡೆಯಿಂದ ಓಡಬೇಕಲ್ಲ. ಬೆಕ್ಕು ಈಗಲೂ ಕಿಟಕಿಗೆ ಬರುತ್ತೆ. ಅದು ಬಂದ ಕೂಡಲೇ ಎರಡೂ ಡಬ್ಬದೊಳಗೆ ಮಾಯ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲಾ ನೋಡಿದ ಅಮ್ಮ ಕೇಳಿದರು: 'ಅವಕ್ಕೆ ಹಾಲ್ ಕೊಟ್ಟೆ, ಸರಿ. ನಾವು ಬಂದರೆ ಎಲ್ಲೋ ಮಲಗೋದು?' ಡಬ್ಬ ಸರಿಸಿದರೆ ಒಂದು ಚಾಪೆಗೆ ಜಾಗ ಆಗುತ್ತೆ ಅಂದೆ.